ಕಾಗದದ ಅಂಚಿನ ಸಾಲು

ಸಾಗರ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಸೇರಿತು. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಜೀವಕೋಶ ತೆಗೆದು ನೋಡುವ ಪ್ಯಾಪ್ ಟೆಸ್ಟಿನಲ್ಲಿ ವ್ಯತ್ಯಾಸ ಕಂಡದ್ದನ್ನೂ, ಆ ಜಾಗವನ್ನೇ ದೊಡ್ಡದಾಗಿಸಿ ನೋಡುವ ಕಾಲ್ಪೊಸ್ಕೋಪಿಗೆ ಬರಹೇಳಿದ್ದನ್ನೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಳು. ಎಚ್‌ಪಿವಿ ಎಂಬ ವೈರಸ್ಸಿನ ಸಂಗತಿಯನ್ನು ನೀನು ಅವಳಿಗೂ ಹೇಳಿದಂತಿಲ್ಲ. ಸಹಿ ಹಾಕಿದ ಮೇಲೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, "ಇದು ಎಲ್ಲಿಂದ ಬಂತು ಎಂದು ಅವರು ಕೇಳಿದರೆ ಏನು ಹೇಳಲಿ?" ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ಎರಡು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ಏಕೆಂದರೆ 2004ರಲ್ಲಿ ನನಗೂ ಇದೇ ಆದಾಗ ಆ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೆ. ನಾನು ಕೇಳಿಕೊಂಡದ್ದು ನನ್ನ ಬಗ್ಗೆಯಲ್ಲ, ನಿನ್ನ ದೊಡ್ಡಪ್ಪನ ಬಗ್ಗೆ. ಇದು ಗಂಡಹೆಂಡಿರ ಸಂಪರ್ಕದಿಂದ ಬರುವಂಥದ್ದು ಎಂದು ಡಾಕ್ಟರು ಒಂದೇ ಮಾತಿನಲ್ಲಿ ಹೇಳಿ ಮುಂದಿನವರನ್ನು ಕರೆದರು. ನಾಮಕರಣಕ್ಕೆ ಬೆಳ್ಳಿ ಬಟ್ಟಲು ತರುತ್ತೇನೆಂದು ಸುಳ್ಳು ಹೇಳಿ ಶಿವಮೊಗ್ಗದ ಬಸ್ಸು ಹತ್ತಿದ್ದವಳು ಸಂಜೆ ಬರಿಗೈಯಲ್ಲಿ ಬಂದೆ. ನಿನ್ನ ದೊಡ್ಡಪ್ಪ ನನ್ನ ಚೀಲವನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ಕಾಫಿ ಮಾಡಲು ತಾವೇ ಒಳಗೆ ಹೋದರು. ಆಮೇಲೆ ನಾಲ್ಕು ವರ್ಷ, ಮದುವೆಗೆ ಮೊದಲು ಅವರು ದಾವಣಗೆರೆಯಲ್ಲಿ ಒಬ್ಬರೇ ಇದ್ದ ದಿನಗಳನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಅದೇ ಮನೆಯಲ್ಲಿ ಅಡುಗೆ ಮಾಡಿ ಬಡಿಸಿದೆ.

2008ರಲ್ಲಿ ಹರಾಲ್ಡ್ ತ್ಸುರ್ ಹೌಸೆನ್ ಎಂಬ ಜರ್ಮನ್ ವಿಜ್ಞಾನಿಗೆ, ಗರ್ಭಕಂಠದ ಕ್ಯಾನ್ಸರಿಗೆ ಈ ವೈರಸ್ಸೇ ಕಾರಣವೆಂದು ಕಂಡುಹಿಡಿದದ್ದಕ್ಕಾಗಿ ನೊಬೆಲ್ ಬಂತು. ಸುದ್ದಿ ಓದಿದ ಮೇಲೆ ಧೈರ್ಯ ಮಾಡಿ ಬೇರೊಬ್ಬ ಡಾಕ್ಟರಮ್ಮನನ್ನು ಕೇಳಿದೆ. ಸಂಸಾರ ಮಾಡುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಕಾಲಕ್ಕೆ ಇದು ಅಂಟುತ್ತದೆ, 10ರಲ್ಲಿ 9 ಜನರಲ್ಲಿ ಎರಡು ವರ್ಷದೊಳಗೆ ತಾನೇ ಹೋಗುತ್ತದೆ, ಕೆಲವರಲ್ಲಿ ಯಾವ ಲಕ್ಷಣವೂ ಇಲ್ಲದೆ ವರ್ಷಾನುಗಟ್ಟಲೆ ಅಡಗಿದ್ದು ಆಮೇಲೆ ತಲೆ ಎತ್ತುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ಈ ವರದಿ ನಿನ್ನ ನಡತೆಗೂ ನಿನ್ನ ಗಂಡನ ನಡತೆಗೂ ಸಾಕ್ಷಿಯಲ್ಲ. ಅವನು ಕೇಳಿದರೆ ಇಷ್ಟನ್ನೇ ಹೇಳು. ಕೇಳುವ ಮೊದಲೇ ಹೇಳಿದರೆ ಇನ್ನೂ ಒಳ್ಳೆಯದೇನೋ. ನಾನು ಮಾಡದ ಕೆಲಸವನ್ನು ನಿನಗೆ ಹೇಳುವಾಗ ಸಂಕೋಚವಾಗುತ್ತದೆ.

ಪರೀಕ್ಷೆಯ ವಿಷಯಕ್ಕೆ ನೀನು ಅಷ್ಟು ಹೆದರಿದಂತೆ ಕಾಣಲಿಲ್ಲ, ಆದರೂ ಬರೆಯುತ್ತೇನೆ. ದುರ್ಬೀನಿನಂಥ ಯಂತ್ರ ಹೊರಗೇ ನಿಂತಿರುತ್ತದೆ, ಮೈಯೊಳಗೆ ಬರುವುದಿಲ್ಲ. ಪ್ಯಾಪ್ ಟೆಸ್ಟಿಗೆ ಹಾಕಿದಂಥ ಸಾಧನವನ್ನಷ್ಟೇ ಒಳಗಿಟ್ಟು, ನೀರು ಬೆರೆಸಿದ ವಿನೆಗರಿನಂಥದ್ದನ್ನು ಹತ್ತಿಯಿಂದ ಗರ್ಭಕಂಠಕ್ಕೆ ಹಚ್ಚಿ ಕಾಯುತ್ತಾರೆ. ಸಂಶಯದ ಜಾಗ ಬೆಳ್ಳಗಾಗುತ್ತದೆ. ಕೋಣೆಯೆಲ್ಲ ಗೋಬಿ ಮಂಚೂರಿ ಗಾಡಿಯ ವಾಸನೆ ಬಂದು, ಆ ಸ್ಥಿತಿಯಲ್ಲೂ ನನಗೆ ನಗು ಬಂದಿತ್ತು. ಬೇಕೆನಿಸಿದರೆ ಅಕ್ಕಿಕಾಳಿನಷ್ಟು ಚೂರನ್ನು ಬಯಾಪ್ಸಿಗೆ ತೆಗೆಯುತ್ತಾರೆ, ಆಗ ಚಿವುಟಿದಂತೆ ನೋವಾಗುತ್ತದೆ. ಮುಟ್ಟಿನ ನೋವಿನಂಥದ್ದು ಸ್ವಲ್ಪ ಹೊತ್ತು ಇರಬಹುದು. ಎಲ್ಲ ಸೇರಿ ಹತ್ತಿಪ್ಪತ್ತು ನಿಮಿಷ. ಚೂರು ತೆಗೆದರೆಂದರೆ ಕ್ಯಾನ್ಸರ್ ಎಂದು ಅರ್ಥವಲ್ಲ. ಅಲ್ಲಿ ಕಾಣುವುದು ಹೆಚ್ಚಾಗಿ ಕ್ಯಾನ್ಸರಿಗೆ ಬಹಳ ಹಿಂದಿನ ಬದಲಾವಣೆ, ಸೌಮ್ಯವಾದದ್ದಾದರೆ ಅದು ಬಹಳಷ್ಟು ಸಲ ತಾನೇ ಸರಿಹೋಗುತ್ತದೆ. ನನ್ನದೂ ಹಾಗೆಯೇ ಹೋಯಿತು. ಹೋಗದೆ ಉಳಿದದ್ದು ಅನುಮಾನ ಮಾತ್ರ.

ಹಿಂದಿನ ದಿನ ಗಂಡಹೆಂಡತಿ ಸೇರಬಾರದು, ಒಳಗೆ ಔಷಧಿ ಇಟ್ಟುಕೊಳ್ಳಬಾರದು. ಆ ದಿನಕ್ಕೆ ಮುಟ್ಟು ಬರುವಂತಿದ್ದರೆ ಮೊದಲೇ ಫೋನು ಮಾಡಿ ಕೇಳು. ಬಸುರಿನ ಸಂಶಯವಿದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಅಯೋಡಿನ್ ಒಗ್ಗದಿದ್ದರೆ ಮರೆಯದೆ ತಿಳಿಸು. ಚೂರು ತೆಗೆದಿದ್ದರೆ ಒಂದೆರಡು ದಿನ ಕಾಫಿ ಚರಟದಂಥ ಕಪ್ಪು ಸ್ರಾವ ಹೋಗಬಹುದು, ಅದು ಅವರು ಹಚ್ಚಿದ ಔಷಧಿಯದ್ದು, ಪ್ಯಾಡ್ ಒಯ್ದಿರು. ರಕ್ತ ಧಾರಾಳವಾಗಿ ಹೋದರೆ, ಜ್ವರ ಬಂದರೆ, ದುರ್ವಾಸನೆಯಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗು. ಇದೆಲ್ಲ ಅಲ್ಲಿಯವರೇ ಹೇಳುತ್ತಾರೆ, ಬರೆಯದೆ ಇರಲಾಗಲಿಲ್ಲ ಅಷ್ಟೇ.

ನಿನ್ನ ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ 2004ರ ಆ ಆಸ್ಪತ್ರೆಯ ರಸೀದಿ ಸಿಕ್ಕಿತು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಅಷ್ಟು ವರ್ಷವೂ ಅವರಿಗೆ ಗೊತ್ತಿತ್ತು, ಮತ್ತು ಅವರೂ ನನ್ನ ಬಗ್ಗೆ ಏನು ಲೆಕ್ಕ ಹಾಕಿಕೊಂಡಿದ್ದರೋ ನಾನು ಕೇಳುವಂತಿಲ್ಲ.

ಪರೀಕ್ಷೆಯ ದಿನ ಅವನು ನಿನ್ನ ಜೊತೆ ಬರುವುದಾದರೆ ನಾನು ಬರುವುದಿಲ್ಲ. ಅವನಿಗೆ ಇನ್ನೂ ಹೇಳಲಾಗದಿದ್ದರೆ ಒಂದು ಸಾಲು ಬರೆ. ಹಿಂದಿನ ರಾತ್ರಿಯ ಬಸ್ಸಿಗೆ ಹೊರಟು ಬಂದು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ