ಅಲಬಾಮಾದ 18ರೊಳಗೆ 1941 ಹೇಗೆ ಬಂತು?

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ‘ಅಮೆರಿಕನ್ ಫುಟ್‌ಬಾಲ್’) ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಹಾಗಾಗಿ ಅಲಬಾಮಾ ವಿಶ್ವವಿದ್ಯಾಲಯದ ತಂಡದ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ನೋಡಿ ಖುಷಿಯಾಯಿತು. ಆದರೆ ಅದರಲ್ಲಿ ‘18 ಬಾರಿ ರಾಷ್ಟ್ರೀಯ ಚಾಂಪಿಯನ್’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಆ 18 ಎನ್ನುವುದು ವಿಶ್ವವಿದ್ಯಾಲಯ ತಾನೇ ಹೇಳಿಕೊಳ್ಳುವ ಲೆಕ್ಕ. ಬೇರೆ ಯಾರೂ ಕೊಟ್ಟ ಲೆಕ್ಕವಲ್ಲ.

ನಾನಿರುವುದು ಅದೇ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ. ಇಲ್ಲಿ ಯಾರಾದರೂ ‘ರೋಲ್ ಟೈಡ್’ (ಅಲಬಾಮಾ ತಂಡದ ಜೈಕಾರ) ಅಂದಾಗ ನಾವೂ ‘ರೋಲ್ ಟೈಡ್’ ಅನ್ನದಿದ್ದರೆ ಎದುರಾಳಿ ಆಬರ್ನ್ ವಿಶ್ವವಿದ್ಯಾಲಯದ ಕಡೆಯವರೇನೋ ಅಂತ ಅನುಮಾನದಿಂದ ನೋಡುತ್ತಾರೆ. ನಾನೂ ಅಲಬಾಮಾ ಅಭಿಮಾನಿಯೇ. ಆದ್ದರಿಂದ ಇದನ್ನು ಹೊಟ್ಟೆಕಿಚ್ಚಿನ ಮಾತು ಅಂದುಕೊಳ್ಳಬೇಡಿ.

ನಮ್ಮ ರಣಜಿಯಲ್ಲಿ ಕರ್ನಾಟಕ 8 ಸಲ ಗೆದ್ದಿದೆ. ಅದನ್ನು 9 ಮಾಡಲು ಯಾರಿಗೂ ಆಗುವುದಿಲ್ಲ. ಫೈನಲ್ ಅಂತ ಒಂದು ನಡೆಯುತ್ತದೆ, ಒಬ್ಬರು ಕಪ್ ಎತ್ತುತ್ತಾರೆ, ಅಷ್ಟೇ. ಇಲ್ಲಿನ ಕಾಲೇಜು ಫುಟ್‌ಬಾಲ್‌ನಲ್ಲಿ ಬಹುಕಾಲ ಫೈನಲ್ ಎಂಬುದೇ ಇರಲಿಲ್ಲ. ಬೇರೆ ಆಟಗಳಿಗೆ ಚಾಂಪಿಯನ್‌ಶಿಪ್ ನಡೆಸುವ, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ, ಮೇಲಿನ ದರ್ಜೆಯ ಫುಟ್‌ಬಾಲ್‌ಗೆ ಮಾತ್ರ ಇವತ್ತಿಗೂ ತಾನಾಗಿ ಪ್ರಶಸ್ತಿ ಕೊಡುವುದಿಲ್ಲ. ನೂರಕ್ಕೂ ಹೆಚ್ಚು ತಂಡಗಳಿವೆ, ಎಲ್ಲರೂ ಎಲ್ಲರ ಜೊತೆ ಆಡುವುದು ಸಾಧ್ಯವಿಲ್ಲ. ಹಾಗಾಗಿ 1936ರಿಂದ ಎಪಿ ಸುದ್ದಿಸಂಸ್ಥೆ ಪತ್ರಕರ್ತರ ಮತ ಪಡೆದು ರ‍್ಯಾಂಕ್ ಕೊಡುತ್ತಾ ಬಂತು. 1950ರಲ್ಲಿ ಯುಪಿ ಸುದ್ದಿಸಂಸ್ಥೆ ಕೋಚ್‌ಗಳ ಮತ ಪಡೆಯಲು ಶುರು ಮಾಡಿತು. ಮುಂದೆ ಅದೇ ಯುಪಿಐ ಆಯಿತು. ಇವರಲ್ಲದೆ ಕೂತು ಗಣಿತ ಹಾಕಿ ‘ಈ ವರ್ಷ ಇಂಥವರೇ ನಂಬರ್ ಒನ್’ ಅನ್ನುವವರೂ ಇದ್ದರು. ಕೆಲವರು ಎಷ್ಟೋ ವರ್ಷ ಕಳೆದ ಮೇಲೆ ಹಳೆಯ ಸೀಸನ್‌ಗಳಿಗೂ ಲೆಕ್ಕ ಹಾಕಿ ಕೊಟ್ಟರು. ಯಾವ ಪಟ್ಟಿ ಬೇಕೋ ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಆಯಾ ವಿಶ್ವವಿದ್ಯಾಲಯದ್ದು.

ದಂತಕಥೆಯಾಗಿದ್ದ ಕೋಚ್ ಪಾಲ್ ‘ಬೇರ್’ ಬ್ರಯಂಟ್ 1958ರಿಂದ 1982ರವರೆಗೆ ಅಲಬಾಮಾ ತಂಡದ ಜೊತೆಗಿದ್ದರು. ಅವರ ಪ್ರಶಸ್ತಿಗಳು 6: 1961, 1964, 1965, 1973, 1978, 1979. ಅವರು 1983ರ ಜನವರಿಯಲ್ಲಿ ತೀರಿಕೊಂಡರು. ಆ ದಶಕದ ಮಧ್ಯದಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ಹಳೆಯ ದಾಖಲೆ ಕೆದಕಿ, ಬ್ರಯಂಟ್‌ಗಿಂತ ಹಿಂದಿನ ಇನ್ನೂ 5 ವರ್ಷಗಳನ್ನು ಪಟ್ಟಿಗೆ ಸೇರಿಸಿತು: 1925, 1926, 1930, 1934, 1941. ಒಂದೇ ಒಂದು ಪಂದ್ಯ ಆಡದೆ 6 ಹೋಗಿ 11 ಆಯಿತು! ಆಮೇಲೆ 1992ರಲ್ಲಿ ಜೀನ್ ಸ್ಟಾಲಿಂಗ್ಸ್ ಕೋಚ್ ಆಗಿದ್ದಾಗ ಒಂದು, ನಿಕ್ ಸೇಬನ್ ಕಾಲದಲ್ಲಿ 6. ಒಟ್ಟು 18.

ಆ ಐದರಲ್ಲಿ ಮೊದಲ ನಾಲ್ಕರ ಬಗ್ಗೆ ನನ್ನ ತಕರಾರಿಲ್ಲ. ಆಗ ಎಪಿ ಮತವೂ ಇರಲಿಲ್ಲ, ತಂಡ ಸೋತೂ ಇರಲಿಲ್ಲ. 1926ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ (ಸೀಸನ್ ಕೊನೆಗೆ ಆಯ್ದ ತಂಡಗಳು ಆಡುವ ‘ಬೌಲ್’ ಪಂದ್ಯಗಳಲ್ಲೊಂದು) ವಾಷಿಂಗ್ಟನ್ ತಂಡವನ್ನು 20–19ರಿಂದ ಸೋಲಿಸಿದ್ದನ್ನು ದಕ್ಷಿಣದ ರಾಜ್ಯಗಳವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ದಕ್ಷಿಣದವರಿಗೆ ಫುಟ್‌ಬಾಲ್ ಬರುವುದಿಲ್ಲ ಅಂತಿದ್ದವರ ಬಾಯಿ ಮುಚ್ಚಿಸಿದ ಪಂದ್ಯ ಅದು. 1934ರ ತಂಡದಲ್ಲಿ ‘ಎಂಡ್’ ಸ್ಥಾನದ ಹೆಸರಾಂತ ಆಟಗಾರ ಡಾನ್ ಹಟ್ಸನ್ ಇದ್ದರು. ಆಟಗಾರರ ಸಾಲಿನ ಇನ್ನೊಂದು ತುದಿಯ ‘ಎಂಡ್’ ಆಗಿ ಆಡುತ್ತಿದ್ದ ಹುಡುಗ ಇದೇ ಬ್ರಯಂಟ್.

1941ರ ಕಥೆಯೇ ಬೇರೆ. ಆ ವರ್ಷ ಅಲಬಾಮಾ 9 ಪಂದ್ಯ ಗೆದ್ದು 2 ಸೋತಿತು. ಮಿಸಿಸಿಪಿ ಸ್ಟೇಟ್ ವಿರುದ್ಧ 14–0, ವ್ಯಾಂಡರ್‌ಬಿಲ್ಟ್ ವಿರುದ್ಧ 7–0. ಎರಡರಲ್ಲೂ ಒಂದು ಪಾಯಿಂಟೂ ಬರಲಿಲ್ಲ. ತನ್ನದೇ ಕಾನ್ಫರೆನ್ಸ್‌ನಲ್ಲೂ (ತನ್ನ ಪ್ರದೇಶದ ತಂಡಗಳ ಗುಂಪು) ಅದು ಮೊದಲ ಸ್ಥಾನದಲ್ಲಿರಲಿಲ್ಲ, ಅಲ್ಲಿ ಗೆದ್ದದ್ದು ಇದೇ ಮಿಸಿಸಿಪಿ ಸ್ಟೇಟ್. ಎಪಿ ಪಟ್ಟಿಯಲ್ಲಿ ಅಲಬಾಮಾ 20ನೇ ಸ್ಥಾನದಲ್ಲಿತ್ತು. ಮೊದಲ ಸ್ಥಾನ ಒಂದೂ ಪಂದ್ಯ ಸೋಲದ ಮಿನ್ನೆಸೋಟಾದ್ದು. ಹಾಗಾದರೆ ಅಲಬಾಮಾ ಚಾಂಪಿಯನ್ ಅಂದವರು ಯಾರು? ಹೌಲ್‌ಗೇಟ್ ಎಂಬ ಒಂದು ಲೆಕ್ಕಾಚಾರದ ಪದ್ಧತಿ. ಆ ಸೀಸನ್‌ನ ಕಾಟನ್ ಬೌಲ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು 29–21ರಿಂದ ಸೋಲಿಸಿದ್ದು ನಿಜ. ಆದರೆ ಆ ಪಂದ್ಯದಲ್ಲಿ ಅಲಬಾಮಾ ಪಡೆದ ಫಸ್ಟ್ ಡೌನ್ (ನಾಲ್ಕು ಪ್ರಯತ್ನದೊಳಗೆ ಚೆಂಡನ್ನು 10 ಗಜ ಮುಂದೊಯ್ಯುವುದು) ಒಂದೇ ಒಂದು! ಎದುರಾಳಿಗಳು 12 ಸಲ ಚೆಂಡನ್ನು ಇವರ ಕೈಗೆ ಒಪ್ಪಿಸಿದ್ದರಿಂದ ಗೆಲುವು ಬಂತು.

ಇದೇ ಅಲಬಾಮಾ ಅಭಿಮಾನಿಗಳು 2017ರಲ್ಲಿ ಯುಸಿಎಫ್ ತಂಡವನ್ನು ಎಷ್ಟು ಗೇಲಿ ಮಾಡಿದರು ಅಂತ ನೆನಪಿಸಿಕೊಂಡರೆ ನಗು ಬರುತ್ತದೆ. ಫ್ಲೋರಿಡಾದ ಆ ವಿಶ್ವವಿದ್ಯಾಲಯ ಆ ಸೀಸನ್‌ನಲ್ಲಿ ಆಡಿದ 13 ಪಂದ್ಯಗಳನ್ನೂ ಗೆದ್ದಿತ್ತು. ಪೀಚ್ ಬೌಲ್‌ನಲ್ಲಿ ಆಬರ್ನ್ ತಂಡವನ್ನು ಸೋಲಿಸಿತ್ತು. ಅದೇ ಆಬರ್ನ್ ನವೆಂಬರ್‌ನಲ್ಲಿ ಅಲಬಾಮಾವನ್ನು 26–14ರಿಂದ ಸೋಲಿಸಿತ್ತು. ಆದರೂ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ಆರಿಸಿದ ನಾಲ್ಕು ತಂಡಗಳಲ್ಲಿ ಯುಸಿಎಫ್ ಇರಲಿಲ್ಲ, ಅಲಬಾಮಾ ಇತ್ತು. ಕೊನೆಗೆ ಜಾರ್ಜಿಯಾ ವಿರುದ್ಧ 26–23ರಿಂದ ಗೆದ್ದು ಚಾಂಪಿಯನ್ನೂ ಆಯಿತು. ಯುಸಿಎಫ್‌ನವರು ಕಾಲಿ ಮ್ಯಾಟ್ರಿಕ್ಸ್ ಎಂಬ ಗಣಿತದ ಪಟ್ಟಿಯಲ್ಲಿ ತಾವೇ ನಂಬರ್ ಒನ್ ಅಂತ ತೋರಿಸಿ, ಮೆರವಣಿಗೆ ಮಾಡಿ, ಬ್ಯಾನರ್ ಕಟ್ಟಿದರು. ‘ನಿಮಗೆ ನೀವೇ ಪ್ರಶಸ್ತಿ ಕೊಟ್ಟುಕೊಂಡರಾ?’ ಅಂತ ನಮ್ಮವರು ನಕ್ಕರು. ಒಂದೂ ಪಂದ್ಯ ಸೋಲದವರನ್ನು ನೋಡಿ ನಗುವ ಮೊದಲು 1941ನ್ನು ಪಟ್ಟಿಯಿಂದ ತೆಗೆಯಬೇಕಿತ್ತು ಅಲ್ವಾ?

ಮತದ ಪ್ರಶಸ್ತಿಗಳಲ್ಲೂ ತಮಾಷೆ ಕಡಿಮೆಯಿಲ್ಲ. ಬೌಲ್ ಪಂದ್ಯಗಳನ್ನು ಹಿಂದೆ ಸೀಸನ್ ಮುಗಿದ ಮೇಲಿನ ಸಂಭ್ರಮದ ಆಟ ಅಂತಲೇ ನೋಡುತ್ತಿದ್ದರು. ಅದಕ್ಕೆ ಮೊದಲೇ ಮತ ಮುಗಿದಿರುತ್ತಿತ್ತು. 1964ರಲ್ಲಿ ಅಲಬಾಮಾ ಚಾಂಪಿಯನ್ ಅಂತ ಘೋಷಣೆಯಾಯಿತು, ಆಮೇಲೆ ಆರೆಂಜ್ ಬೌಲ್‌ನಲ್ಲಿ ಟೆಕ್ಸಾಸ್ ವಿರುದ್ಧ 21–17ರಿಂದ ಸೋತಿತು. ಆ ಟೆಕ್ಸಾಸ್‌ಗೆ ಅದೇ ವರ್ಷ ಸೋಲುಣಿಸಿದ್ದ ಅರ್ಕಾನ್ಸಾ ಎಲ್ಲ 11 ಪಂದ್ಯ ಗೆದ್ದಿತ್ತು. 1973ರಲ್ಲಿ ಮತ್ತದೇ. ಕೋಚ್‌ಗಳು ಡಿಸೆಂಬರ್ ಆರಂಭದಲ್ಲೇ ಅಲಬಾಮಾಗೆ ಮತ ಹಾಕಿ ಮುಗಿಸಿದ್ದರು. ಡಿಸೆಂಬರ್ 31ರಂದು ಶುಗರ್ ಬೌಲ್‌ನಲ್ಲಿ ನೋಟರ್ ಡೇಮ್ 24–23ರಿಂದ ಅಲಬಾಮಾವನ್ನು ಸೋಲಿಸಿತು. ಎಪಿ ಪ್ರಶಸ್ತಿ ನೋಟರ್ ಡೇಮ್‌ಗೆ ಹೋಯಿತು. ಯುಪಿಐಗೆ ಮುಜುಗರವಾಗಿ ಮುಂದಿನ ವರ್ಷದಿಂದ ಬೌಲ್ ಮುಗಿದ ಮೇಲೆ ಮತ ಪಡೆಯಲು ಶುರು ಮಾಡಿದರು. ನೇರ ಪಂದ್ಯದಲ್ಲಿ ಯಾರಿಗೆ ಸೋತರೋ ಅವರ ಜೊತೆ ಹಂಚಿಕೊಂಡ ಪ್ರಶಸ್ತಿ ಇದು. ದಾಖಲೆ ಪ್ರಕಾರ ಸರಿ, ನನ್ನ ಮನಸ್ಸು ಮಾತ್ರ ಒಪ್ಪುವುದಿಲ್ಲ.

ಅನ್ಯಾಯ ಆಗಲೇ ಇಲ್ಲ ಅಂತಲೂ ಅಲ್ಲ. 1966ರಲ್ಲಿ ಅಲಬಾಮಾ ಒಂದೂ ಸೋಲಲಿಲ್ಲ, ಡ್ರಾ ಕೂಡ ಇಲ್ಲ. ಆದರೂ ಪರಸ್ಪರ 10–10ರಲ್ಲಿ ಡ್ರಾ ಮಾಡಿಕೊಂಡ ನೋಟರ್ ಡೇಮ್ ಮತ್ತು ಮಿಷಿಗನ್ ಸ್ಟೇಟ್ ಮೊದಲೆರಡು ಸ್ಥಾನ ಪಡೆದವು. ಅಲಬಾಮಾಗೆ ಮೂರನೆಯದು. ಆಗಿನ ಅಲಬಾಮಾ ತಂಡದಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಮೂರು ವರ್ಷದ ಹಿಂದಷ್ಟೇ ಗವರ್ನರ್ ಜಾರ್ಜ್ ವಾಲೇಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಇದೇ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತಿದ್ದರು. ಮತ ಹಾಕಿದವರ ಮನಸ್ಸಿನಲ್ಲಿ ಅದೂ ಇತ್ತು ಅಂತ ಇಲ್ಲಿ ಅನೇಕರು ವಾದಿಸುತ್ತಾರೆ. ಇದ್ದಿದ್ದರೆ ಅದನ್ನು ತಪ್ಪು ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ವಿಚಿತ್ರ ಅಂದರೆ, ಈ 1966 ಅಧಿಕೃತ ಪಟ್ಟಿಯಲ್ಲಿಲ್ಲ, 1941 ಇದೆ.

1992ರಿಂದ ಈಚಿನ ಏಳು ಪ್ರಶಸ್ತಿಗಳನ್ನು ಮೈದಾನದಲ್ಲೇ ಗೆದ್ದದ್ದು. 1998ರಿಂದ ಬಿಸಿಎಸ್ ಎಂಬ ವ್ಯವಸ್ಥೆ ಬಂತು, ಮೊದಲೆರಡು ತಂಡಗಳು ಮುಖಾಮುಖಿಯಾದವು. 2014ರಿಂದ ನಾಲ್ಕು ತಂಡಗಳ ಪ್ಲೇಆಫ್, 2024ರಿಂದ 12 ತಂಡಗಳದ್ದು. ಇವುಗಳ ಬಗ್ಗೆ ಯಾರೂ ಮಾತಾಡುವಂತಿಲ್ಲ. 2011ರಲ್ಲಿ ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ವಿರುದ್ಧ 9–6ರಿಂದ ಸೋತ ಅಲಬಾಮಾ ತಂಡಕ್ಕೆ ಅದೇ ಎಲ್‌ಎಸ್‌ಯು ಜೊತೆ ಫೈನಲ್ ಆಡಲು ಮತ್ತೆ ಅವಕಾಶ ಯಾಕೆ ಅಂತ ಗೊಣಗಿದವರಿದ್ದಾರೆ. 21–0 ಫಲಿತಾಂಶ ನೋಡಿ ಅವರೂ ಸುಮ್ಮನಾದರು.

ಮುಂದೆ ಬರೆಯುವಾಗ ‘ವಿಶ್ವವಿದ್ಯಾಲಯದ ಲೆಕ್ಕದಲ್ಲಿ 18’ ಅಂತ ಹಾಕಿ ಸಾಕು. ಜಾಗವಿದ್ದರೆ 1941ರ ಬಗ್ಗೆ ಒಂದು ಸಾಲು ಸೇರಿಸಿ. ಇನ್ನೊಂದು ಸಣ್ಣ ಮಾತು: ಸೇಬನ್ ಮತ್ತು ಬ್ರಯಂಟ್ ಇಬ್ಬರೂ ತಲಾ 6 ಪ್ರಶಸ್ತಿಯಿಂದ ಸಮಬಲ ಅಂತ ಬರೆದಿದ್ದೀರಿ. ಅಲಬಾಮಾದ ಮಟ್ಟಿಗೆ ಅದು ಸರಿ. ಆದರೆ ಸೇಬನ್ 2003ರಲ್ಲಿ ಎಲ್‌ಎಸ್‌ಯು ಕೋಚ್ ಆಗಿದ್ದಾಗಲೂ ಬಿಸಿಎಸ್ ಪ್ರಶಸ್ತಿ ಗೆದ್ದಿದ್ದರು, ಹಾಗಾಗಿ ಅವರ ಒಟ್ಟು 7. ಆ ವರ್ಷ ಎಪಿ ಮತ ಮಾತ್ರ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಯುಎಸ್‌ಸಿ) ಹೋಗಿತ್ತು.

– ಒಬ್ಬ ಓದುಗ, ಹಂಟ್ಸ್‌ವಿಲ್, ಅಲಬಾಮಾ