ಪಾಚಿ ಎಣ್ಣೆ ಬಂದಾಗ ಬರಲಿ, ಮೊದಲು ಸೀಮೆಎಣ್ಣೆ ಕೊಡಿಸಿ

ಮಾನ್ಯ ಶಾಸಕರೇ,

ನಾಡದೋಣಿಯ ಎಂಜಿನ್‌ಗೆ ರಿಯಾಯಿತಿ ದರದ ಸೀಮೆಎಣ್ಣೆ ಪಡೆಯಲು ಸರ್ಕಾರ ಕೊಡುವ ಪರ್ಮಿಟ್ ನಿಮಗೆ ಗೊತ್ತೇ ಇದೆ. ಆ ಪರ್ಮಿಟ್‌ಗೆ ಸಿಗಬೇಕಾದ ಸೀಮೆಎಣ್ಣೆ ಈ ವರ್ಷವೂ ಬಂದಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಯಾಂತ್ರೀಕೃತ ಬೋಟುಗಳೆಲ್ಲ ದಡ ಸೇರಿ ಕಡಲು ನಮ್ಮ ಪಾಲಿಗೆ ಉಳಿಯುವುದೇ ಜೂನ್, ಜುಲೈಯಲ್ಲಿ. ಸರಿಯಾಗಿ ಆಗಲೇ ನಮ್ಮ ಕ್ಯಾನ್ ಖಾಲಿ. ಹೊರಗಿನ ದರಕ್ಕೆ ಕೊಂಡೂ ಕೊಂಡೂ ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವು ಬಿದ್ದಿದೆ. ಬಂಗುಡೆ ಚೆನ್ನಾಗಿ ಬಿದ್ದ ದಿನವೂ ಎಣ್ಣೆಯ ಲೆಕ್ಕ ಕಳೆದರೆ ಪಾಲಿಗೆ ಉಳಿಯುವುದು ಚಹಾದ ಖರ್ಚು.

ಇದನ್ನೂ ಸಹಿಸಿಕೊಂಡಿದ್ದೆವು. ಮೊನ್ನೆಯ ಮಾಹಿತಿ ಶಿಬಿರವನ್ನು ಮಾತ್ರ ಸಹಿಸಲಾಗಲಿಲ್ಲ. ಅಧಿಕಾರಿಯೊಬ್ಬರು ಹಸಿರು ನೀರು ತುಂಬಿದ ಬಾಟಲಿ ಎತ್ತಿ ತೋರಿಸಿ, ಕಡಲಿನ ಸೂಕ್ಷ್ಮಪಾಚಿಯೇ ಮುಂದಿನ ಇಂಧನ ಎಂದರು. ನಮ್ಮ ಹಿರಿಯರೊಬ್ಬರು ಎದ್ದು ಸೀಮೆಎಣ್ಣೆ ಯಾವಾಗ ಎಂದು ಕೇಳಿದರೆ, “ಇನ್ನೂ ಎಷ್ಟು ವರ್ಷ ಸೀಮೆಎಣ್ಣೆ ಎನ್ನುತ್ತೀರಿ? ಕಾಲಕ್ಕೆ ತಕ್ಕಂತೆ ಬದಲಾಗಿ” ಎಂಬ ಉಪದೇಶ. ಸಾಲದ್ದಕ್ಕೆ ಅದೇ ಬಾಟಲಿಯನ್ನು ಅವರ ಕೈಗೆ ಕೊಟ್ಟು ಫೋಟೊ ತೆಗೆಸಿದರು.

ಪಾಚಿಯ ಮೇಲೆ ನಮಗೆ ಹಗೆಯಿಲ್ಲ. ಬೂತಾಯಿ ಮೀನಿನ ಮೈಗೆ ಕೊಬ್ಬು ಬರುವುದೇ ಅದನ್ನು ತಿಂದು. ಭಾವನಗರದ ವಿಜ್ಞಾನಿಗಳು 2012ರಲ್ಲೇ ಪಾಚಿಯ ಬಯೋಡೀಸೆಲ್ ಬೆರೆಸಿ ಕಾರು ಓಡಿಸಿದ್ದಾರೆ, ಸಂತೋಷ. ಆದರೆ ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪಾಚಿ ಇಂಧನದ ಯೋಜನೆಗೆ ಹಣ ಸುರಿದು ಕೊನೆಗೆ ಅದನ್ನು ಮುಚ್ಚಿತು. 2009ರಲ್ಲಿ ಕೈಹಾಕಿದ ಎಕ್ಸಾನ್‌ಮೊಬಿಲ್‌ನಂಥ ದೈತ್ಯ ಕಂಪನಿಯೂ 2023ರ ಹೊತ್ತಿಗೆ ಹಿಂದೆ ಸರಿಯಿತು. ಎಣ್ಣೆಯಂಶ ಹೆಚ್ಚಲೆಂದು ಪಾಚಿಗೆ ಪೋಷಕಾಂಶವಾದ ಸಾರಜನಕ ಕಡಿತ ಮಾಡಿದರೆ ಪಾಚಿ ಬೆಳೆಯುವುದೇ ನಿಧಾನವಾಗುತ್ತದೆಯಂತೆ. ಅಷ್ಟು ನೀರಿನಿಂದ ಅದನ್ನು ಬೇರ್ಪಡಿಸುವ ಖರ್ಚು ಬೇರೆ. ಇಷ್ಟೆಲ್ಲ ಆದ ಮೇಲೂ ಬಾಟಲಿಯಿಂದ ಬರುವುದು ಡೀಸೆಲ್. ನಮ್ಮ ಔಟ್‌ಬೋರ್ಡ್ ಎಂಜಿನ್ ಪೆಟ್ರೋಲ್‌ನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು ಸ್ವಾಮೀ, ಅದಕ್ಕೆ ಡೀಸೆಲ್ ಹೊಯ್ದು ನಡುಗಡಲಲ್ಲಿ ಹುಟ್ಟು ಹಾಕಬೇಕೆ? ವೇದಿಕೆ ಹತ್ತುವ ಮುನ್ನ ಒಂದು ದೋಣಿಯ ಹಿಂಬದಿ ನೋಡಿದ್ದರೂ ಸಾಕಿತ್ತು.

ಸಂಶೋಧನೆ ನಡೆಯಲಿ, ಇನ್ನಷ್ಟು ಹಣ ಕೊಡಿ, ಬೇಡವೆನ್ನುವುದಿಲ್ಲ. ನಮ್ಮ ಪಾಲಿನ ಸೀಮೆಎಣ್ಣೆ ಕೊಡಿಸಿ. ಬಾಕಿ ಉಳಿಸಿಕೊಂಡ ತಿಂಗಳುಗಳದ್ದನ್ನೂ ಸೇರಿಸಿ ಕೊಡಿಸಿ. ಜೂನ್ 1ಕ್ಕೆ ಮೊದಲು ಕೊಡಿಸಿ. ಮಳೆಗಾಲವೆಲ್ಲ ಕಳೆದು ಆಗಸ್ಟ್‌ನಲ್ಲಿ ‘ಬಿಡುಗಡೆಗೆ ಕ್ರಮ’ ಎಂದು ಪತ್ರಿಕಾ ಹೇಳಿಕೆ ಕೊಡುವ ಸಂಪ್ರದಾಯ ಈ ಸಲ ಬೇಡ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ನಾಡದೋಣಿ ಮೀನುಗಾರ