ಜೂಮ್ ಲೆನ್ಸಿನ ಅಳಿಯನಿಗೆ

ಕೊಪ್ಪಳ

ಚಿರಂಜೀವಿ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಹುಣ್ಣಿಮೆಗೆ ಹುಲಿಗಿಯಲ್ಲಿ ನೀನು ತೆಗೆದ ಫೋಟೋಗಳನ್ನು ನಿಮ್ಮವ್ವ ಮೊಬೈಲ್‌ನಲ್ಲಿ ತೋರಿಸಿದಳು. ಹೊಳೆಯಲ್ಲಿ ಮಿಂದು ಬಂದ ವಯಸ್ಸಾದ ತಾಯಿಯೊಬ್ಬಳು ಒದ್ದೆ ಸೀರೆ ಬದಲಿಸುತ್ತಿದ್ದಾಳೆ. ಮಗಳು ಇನ್ನೊಂದು ಸೀರೆಯನ್ನು ಮರೆ ಹಿಡಿದಿದ್ದಾಳೆ. ಬೆಳಕು ಚೆನ್ನಾಗಿ ಬಿದ್ದಿದೆ, ಸುಳ್ಳು ಹೇಳಲ್ಲ. ಆದರೆ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನ ಕಣ್ಣಿಗೆ ಬೇರೆಯದೂ ಕಾಣುತ್ತೆ. ಹಿಂದಿನ ಮೆಟ್ಟಿಲು ಅವರ ಬೆನ್ನಿಗೇ ಅಂಟಿಕೊಂಡಂತಿದೆ. ಅಂದರೆ ಜೂಮ್ ಹಾಕಿ ದೂರದಿಂದ ತೆಗೆದಿದ್ದೀಯ. ಅವರಿಗೆ ಕಾಣಬಾರದು ಅಂತಲೇ ಅಲ್ಲಿ ನಿಂತಿದ್ದೆ, ಅಲ್ವಾ?

ದಡ ಎಲ್ಲರದ್ದಲ್ವಾ ಮಾವ ಅಂತೀಯ. ದಡ ಎಲ್ಲರದು. ಆ ಸೀರೆಯ ಮರೆ ಅವರದು. ದೂರದ ಊರಿಂದ ಹುಲಿಗೆಮ್ಮನ ದರ್ಶನಕ್ಕೆ ಬಂದವರಿಗೆ ಅಲ್ಲಿ ಅದೇ ಬಚ್ಚಲಮನೆ, ಅದೇ ಬಾಗಿಲು.

ಭಾರತೀಯ ನ್ಯಾಯ ಸಂಹಿತೆಯಲ್ಲಿ 77ನೇ ಕಲಂ ಇದೆ. ಯಾರೂ ನೋಡಲ್ಲ ಅಂತ ನಂಬಿರುವ ಹೆಣ್ಣುಮಗಳ ಖಾಸಗಿ ಗಳಿಗೆಯನ್ನು ಯಾರೇ ಕದ್ದು ನೋಡಿದರೆ, ಫೋಟೋ ತೆಗೆದರೆ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಹೊಳೆದಡಕ್ಕೆ ಅದು ಕೂಡುತ್ತೋ ಇಲ್ಲವೋ ವಕೀಲರು ವಾದ ಮಾಡಲಿ. ಅದರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಮಾತು. ಫೋಟೋ ತೆಗೆಯಲು ಒಪ್ಪಿದವಳು ಹಂಚಲು ಒಪ್ಪಿರದಿದ್ದರೆ, ಹಂಚಿದ್ದೂ ಅಪರಾಧವೇ.

ಇದನ್ನು ನಾನು ಕಾನೂನು ಓದಿ ಕಲಿತದ್ದಲ್ಲ. ಆಗ ನಮ್ಮ ಅಂಗಡಿ ಮುಂದೆ ಗಾಜಿನ ಶೋಕೇಸ್ ಇತ್ತು. ನಿಮ್ಮ ಇನ್‌ಸ್ಟಾಗ್ರಾಂ ಅಂತ ತಿಳಿ. ಒಂದು ಮದುವೆಯಲ್ಲಿ ಮಗಳನ್ನು ಒಪ್ಪಿಸುವಾಗ ಮದುಮಗಳು ತಾಯಿಯ ಹೆಗಲಿಗೆ ಬಿದ್ದು ಅತ್ತಳು. 36ರ ರೋಲ್‌ನಲ್ಲಿ ಉಳಿದಿದ್ದ ಕೊನೆಯ ಫೋಟೋ ಅದು. ಅವರೇ ಕರೆಸಿದ ಮದುವೆ, ತೆಗೆದದ್ದು ತಪ್ಪಲ್ಲ. ಆದರೆ ಯಾರನ್ನೂ ಕೇಳದೆ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಶೋಕೇಸಿನಲ್ಲಿಟ್ಟೆ. ಬಂದವರೆಲ್ಲ ಹೊಗಳಿದರು. ನಾನೂ ಉಬ್ಬಿದೆ. ಆರು ತಿಂಗಳಿಗೆ ಆ ಹುಡುಗಿ ಗಂಡನ ಮನೆ ಬಿಟ್ಟು ಬಂದಿದ್ದಳಂತೆ, ನನಗೆ ಗೊತ್ತಿರಲಿಲ್ಲ. ಒಂದು ಸಂತೆ ದಿನ ಅವಳ ತಾಯಿ ಚೀಲ ಹಿಡಿದುಕೊಂಡು ಗಾಜಿನ ಮುಂದೆ ಬಹಳ ಹೊತ್ತು ನಿಂತಳು. "ಯಪ್ಪಾ, ನನ್ನ ಮಗಳು ದಿನಾ ಈ ಹಾದ್ಯಾಗ ಅಳಕೋತ ಕುಂತಾಳಲ್ಲೋ" ಅಂದಳು. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋಟೋ, ನೆಗೆಟಿವ್ ಎರಡೂ ಅವಳ ಕೈಗೆ ಕೊಟ್ಟೆ. ನಿನ್ನದನ್ನು ನೀನು ಯಾರ ಕೈಗೆ ಕೊಡುತ್ತೀಯ? ಈಗಾಗಲೇ ಯಾರ್ಯಾರ ಮೊಬೈಲ್‌ನಲ್ಲಿ ಕೂತಿದೆಯೋ.

ಹಾಗಂತ ದುಃಖದ ಫೋಟೋ ತೆಗೆಯಲೇಬಾರದು ಅಂತಲ್ಲ. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಕೂಡಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕುತ್ತಾರಲ್ಲ. ಎಷ್ಟೋ ಸಲ ಆಗ ನನಗೆ ಕರೆ ಬರುತ್ತಿತ್ತು. ಮಕ್ಕಳು ಎರಡೂ ಬದಿಗೆ ನಿಂತು, ಕಣ್ಣು ಒರೆಸಿಕೊಂಡು, "ಹ್ಞೂಂ, ತೆಗೀರಿ" ಅನ್ನುವ ತನಕ ಬಟನ್ ಒತ್ತುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಅಜ್ಜನದು ಅಂತ ಇರುವುದು ಅದೊಂದೇ ಫೋಟೋ.

ನಿನ್ನ ಕೋಣೆಯ ಗೋಡೆಯಲ್ಲಿ ಅಮೆರಿಕದ ಆ ಬಡತಾಯಿಯ ಫೋಟೋ ಇದೆಯಲ್ಲ, 1936ರಲ್ಲಿ ಡೊರೋಥಿಯಾ ಲ್ಯಾಂಗ್ ತೆಗೆದದ್ದು. ಲ್ಯಾಂಗ್ ಅವಳ ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನುವ ಹೆಸರು ಜನಕ್ಕೆ ತಿಳಿದದ್ದು 1978ರಲ್ಲಿ. ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅವಳೇ ಹೇಳಿದ್ದಳು. ಗೋಡೆಯಿಂದ ಇಳಿಸು ಅನ್ನಲ್ಲ. ಕೆಳಗೆ ಅವಳ ಹೆಸರು ಬರೆದಿಡು.

ಹುಲಿಗಿಯದನ್ನು ಮಾತ್ರ ಇವತ್ತೇ ಅಳಿಸು. ಲೈಕ್ ಎಷ್ಟು ಬಂದಿದ್ದರೂ ಸರಿ.

ಬರುವ ಅಮಾವಾಸ್ಯೆಗೆ ಊರಿಗೆ ಬಾ. ನನ್ನ ಹಳೆ 50 ಎಂ.ಎಂ. ಲೆನ್ಸ್ ಒರೆಸಿ ಇಟ್ಟಿದ್ದೇನೆ, ನಿನ್ನ ಕ್ಯಾಮೆರಾಕ್ಕೆ ಕೂಡುತ್ತೋ ನೋಡೋಣ. ಅದರಲ್ಲಿ ಜೂಮ್ ಇಲ್ಲ. ಮುಖ ದೊಡ್ಡದಾಗಿ ಬೇಕು ಅಂದರೆ ಹತ್ತಿರ ಹೋಗಿ ಮಾತಾಡಿಸಲೇಬೇಕು.

ಇಂತಿ ನಿನ್ನ ಮಾವ